ಲಾಯದಲ್ಲಿ ಉಚ್ಚೆ ಹೊಯ್ದವರು ಯಾರು

“ಹೊಯ್ದೀನಿ ಅಂತ ಹೇಳಿಬಿಡಬೇ! ಏನ್ ಹೋಗತೈತಿ ನಿಂದು? ಉಚ್ಚಿ ಹೊಯ್ಯೂದಂದ್ರ ಕೊಲಿ ಮಾಡಿದ್ಹಂಗ ಆತೇನು?”

“ಹೊಯ್ದಿದ್ರ ಹೇಳತಿದ್ದೆ. ಹೊಯ್ದಿಲ್ಲ.”

“ನಾ ಹೊಯ್ದೀನಿ. ಆ ಮೂಲ್ಯಾಗಿನ ಖಾಲಿ ಲಾಯದಾಗ, ದಿನಾ ಮೂರು ಸಲ. ಹೊಟ್ಟ್ಯಾಗಿನ ಕೂಸು ಒದ್ದಾಗ ಎಲ್ಲಿಗೆ ಓಡಲಿ? ನನಗೇನ್ ನಾಚಿಕಿಲ್ಲ. ನಿನಗ್ಯಾಕ ಇಷ್ಟ್ ಸೊಕ್ಕು?”

“ಬಾಯಿ ಮುಚ್ಚಲೇ ಅಂಬಿ. ಅಷ್ಟಿದ್ರ ನೀನ ಹೋಗಿ ಹೇಳು, ಆ ಕೆಂಚ ಕುದುರಿ ಲಾಯದಾಗ ನಾ ಹೊಯ್ದೀನಿ ಅಂತ.”

“ನನ್ನ ಮಾತು ನಡೀತಿದ್ರ ಹೇಳತಿದ್ದೆ ಯಕ್ಕಾ! ಗುಳಿಗಿ ನುಂಗಾಕಿ ನೀನು. ನಿನ್ನ ಉಚ್ಚಿನ ಬೇಕಂತ ಅವರಿಗೆ.”

ಚಂದ್ರವ್ವ ಸಲಿಕೆಯನ್ನು ಹೊಟ್ಟಿನೊಳಗೆ ಹೊಡೆದಳು. ಅಡಿಯಲ್ಲಿ ನೆನೆದಿದ್ದ ಮರದ ಹೊಟ್ಟು ಮುದ್ದೆಮುದ್ದೆಯಾಗಿ ಮೇಲೆದ್ದಿತು. ಅದರ ಘಾಟಿಗೆ ಹೊಸಬರು ಕಣ್ಣು ಬಿಡಲಾರರು. ಇವಳಿಗೆ ಹನ್ನೆರಡು ವರ್ಷದ ರೂಢಿ. ಕುದುರೆ ಎಷ್ಟು ನೀರು ಕುಡಿದಿದೆ, ರಾತ್ರಿ ಯಾವ ಮಗ್ಗುಲಿಗೆ ಮಲಗಿದೆ, ಯಾವ ಕಾಲು ಊರುತ್ತಿಲ್ಲ ಎಂಬುದನ್ನೆಲ್ಲ ಹೊಟ್ಟು ನೋಡಿಯೇ ಹೇಳುತ್ತಿದ್ದಳು.

ಅಂಬವ್ವ ಬಾಗಿಲಿನ ಅಡ್ಡಪಟ್ಟಿಗೆ ಆತು ನಿಂತಿದ್ದಳು. ಅವಳಿಗೆ ಏಳು ತಿಂಗಳು. ಪಾದಗಳು ಬಾತು ಚಪ್ಪಲಿಯಿಂದ ಹೊರಗೆ ಉಕ್ಕುತ್ತಿದ್ದವು.

“ಸೈ ಮಾಡಿದ್ರ ಕಕ್ಕಸ ಕಟ್ಟತಾರಂತ ಯಕ್ಕಾ,” ಎಂದಳು. ಈಗ ದನಿಯಲ್ಲಿ ಜಗಳವಿರಲಿಲ್ಲ. “ತಿಂಗಳೊಪ್ಪತ್ತಿನ್ಯಾಗ. ಶೆಟ್ರು ನಕ್ಷಾನೂ ತೋರಿಸ್ಯಾರ. ನನ್ನ ಹೆರಿಗಿಕಿಂತ ಮೊದಲ ಆಗತೈತಿ.”

ಮುಂಬಯಿಯಲ್ಲಿ ಪವಾಯಿಯ ಗುಡ್ಡದ ಹಿಂದೆ ಇದ್ದ ಆ ರೈಡಿಂಗ್ ಕ್ಲಬ್ಬಿನಲ್ಲಿ ನಲವತ್ತು ಕುದುರೆಗಳಿದ್ದವು. ಲಾಯ ಬಾಚುವವರು ನಾಲ್ವರು ಹೆಂಗಸರು. ಕುದುರೆ ಸವಾರಿ ಎಂಬ ಕ್ರೀಡೆ ದೇಶದಲ್ಲಿ ಬೆಳೆಯಬೇಕು ಎಂದು ಅಲ್ಲಿ ಐದು ಸಮಿತಿಗಳಿದ್ದವು. ಪಂದ್ಯ ನಡೆಸಲು ಒಂದು, ತೀರ್ಪುಗಾರರನ್ನು ತಯಾರು ಮಾಡಲು ಒಂದು, ಶಾಲೆಯ ಮಕ್ಕಳನ್ನು ಸೆಳೆಯಲು ಒಂದು, ಕುದುರೆಗಳ ಆರೋಗ್ಯಕ್ಕೊಂದು. ಕೊನೆಯದು ಕೆಲಸಗಾರರ ಕಲ್ಯಾಣಕ್ಕೆ. ಸಮಿತಿಯವರೆಲ್ಲ ಸ್ವಯಂಸೇವಕರು. ಒಂದು ಕಪ್ ಚಹಾ ಕೂಡ ಕ್ಲಬ್ಬಿನ ಲೆಕ್ಕದಲ್ಲಿ ಕುಡಿಯುವುದಿಲ್ಲ ಎಂದು ಪ್ರತಿ ಭಾಷಣದಲ್ಲೂ ಹೇಳುತ್ತಿದ್ದರು. ಪಂದ್ಯದ ದಿನ ಲಾಯದ ಹೆಂಗಸರಿಗೂ ಸೀರೆಯ ಮೇಲೆ ಹಳದಿ ಟೀ ಶರ್ಟು ಹಾಕಿಸುತ್ತಿದ್ದರು. ಬೆನ್ನ ಮೇಲೆ ಇಂಗ್ಲಿಷಿನಲ್ಲಿ ‘ವಾಲಂಟಿಯರ್’ ಎಂದು ಅಚ್ಚಾಗಿರುತ್ತಿತ್ತು. ಹಂಗಂದ್ರ ಏನು ಎಂದು ಚಂದ್ರವ್ವ ಮಗಳನ್ನು ಕೇಳಿದ್ದಳು. ತಾವಾಗಿಯೇ ಬಂದವರು ಎಂದಿದ್ದಳು ಸ್ನೇಹಲ್. ಚಂದ್ರವ್ವ ನಕ್ಕಿದ್ದಳು. “ಒಂದ್ ಸಲ ಬರಲಿಲ್ಲ ಅಂದ್ರ ಮುಕಾದಮ ಅಮೋಲ್ ಕಾಯಂ ಮನಿಗೆ ಕಳಸ್ತಾನು.”

ಅವಳು ಸಿಂದಗಿ ಕಡೆಯ ಹೊಲಗೇರಿಯಿಂದ ಬಂದವಳು. ಗಂಡ ಕಾಶಪ್ಪ ಈ ಕ್ಲಬ್ಬಿನಲ್ಲೇ ಸಾಯಿಸನಾಗಿ ಕುದುರೆ ತಿಕ್ಕುತ್ತಿದ್ದ. ಹುಚ್ಚು ಹಿಡಿದಂತಿದ್ದ ಒಂದು ಹೊಸ ಗಂಡುಕುದುರೆ ಒದ್ದು ಎದೆ ಒಡೆದು ಸತ್ತ. ಸಮಿತಿಯವರು ಸಾಲಾಗಿ ಎರಡು ನಿಮಿಷ ಮೌನ ನಿಂತರು. ಆಮೇಲೆ ಇವಳ ಕೈಗೆ ಸಲಿಕೆ ಕೊಟ್ಟರು.

ಕ್ಲಬ್‌ಹೌಸಿನಲ್ಲಿ ಕಕ್ಕಸು ಇತ್ತು. ಸದಸ್ಯರಿಗೆ, ಅತಿಥಿಗಳಿಗೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಚಂದ್ರವ್ವ ಒಮ್ಮೆ ಒಳಗೆ ಹೋಗಿದ್ದಳು. ಹೊರಗೆ ಬರುವಾಗ ಅಧ್ಯಕ್ಷ ಹಿತೇಶ್ ಭಾಯಿಯ ಹೆಂಡತಿ ನೋಡಿದಳು. ಬಯ್ಯಲಿಲ್ಲ. ಅಮೋಲ್‌ನನ್ನು ಕರೆದು ಫಿನೈಲ್ ತರಿಸಿದಳು. ಮೂರು ಸಲ ತೊಳೆಸಿದಳು. ತೊಳೆದವಳೂ ಚಂದ್ರವ್ವನೇ. ಅವಳು ಮೊಣಕಾಲೂರಿ ತಿಕ್ಕುವಾಗ ಆ ಹೆಂಗಸು ಬಾಗಿಲಲ್ಲಿ ನಿಂತು ಫೋನಿನಲ್ಲಿ ಯಾರದೋ ಮದುವೆಯ ಮಾತಾಡುತ್ತಿದ್ದಳು.

ಅಂದಿನಿಂದ ಗೋಡೆಯ ಹಿಂದಿನ ಪೊದೆಯೇ ಗತಿ. ಆರು ವರ್ಷದ ಕೆಳಗೆ ಅಲ್ಲಿ ಇಪ್ಪತ್ತೆರಡು ಮಹಡಿಯ ಬಿಲ್ಡಿಂಗ್ ಎದ್ದಿತು. ಪ್ರತಿ ಮಹಡಿಗೂ ಗ್ಯಾಲರಿ. ಗ್ಯಾಲರಿಯಲ್ಲಿ ಚಹಾ ಕುಡಿಯುವ ಜನ. ಗಂಡಸರು ಗೋಡೆಗೆ ಮುಖ ಮಾಡಿ ಮುಗಿಸುತ್ತಿದ್ದರು. ಹೆಂಗಸರು ಏನು ಮಾಡಬೇಕು? ಚಂದ್ರವ್ವ ತಡೆದುಕೊಂಡಳು. ಬೆಳಗಿನ ಐದಕ್ಕೆ ಕುರ್ಲಾದ ಚಾಳಿನ ಮನೆ ಬಿಟ್ಟರೆ ಮಧ್ಯಾಹ್ನ ಮೂರಕ್ಕೆ ವಾಪಸು. ಅಲ್ಲಿಯವರೆಗೆ ಒಂದು ಗುಟುಕು ನೀರಿಲ್ಲ. ಏಪ್ರಿಲ್ ತಿಂಗಳಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿದರೆ ಸೆರಗಿನ ತುದಿ ಒದ್ದೆ ಮಾಡಿ ತುಟಿಗೆ ಒತ್ತಿಕೊಳ್ಳುತ್ತಿದ್ದಳು. ಊರಲ್ಲಿ ಮೇಲಿಂದ ಸುರಿದ ನೀರಿಗೆ ಬೊಗಸೆ ಒಡ್ಡಿದವಳು. ಮುಂಬಯಿಗೆ ಬಂದು ನೀರು ಕುಡಿಯುವುದನ್ನೇ ಬಿಟ್ಟಳು.

ಮೈ ಸುಮ್ಮನಿರುತ್ತದೆಯೇ? ಮೊದಲು ಉರಿ ಬಂತು. ಆಮೇಲೆ ಜ್ವರ, ಸೊಂಟದಲ್ಲಿ ಚುಚ್ಚಿದ ಹಾಗೆ ನೋವು. ಒಂದು ದಿನ ರಕ್ತ. ಸರಕಾರಿ ಆಸ್ಪತ್ರೆಯ ಡಾಕ್ಟರಮ್ಮ ಎರಡು ತರಹದ ಗುಳಿಗೆ ಬರೆದುಕೊಟ್ಟು, ದಿನಕ್ಕೆ ಮೂರು ಲೀಟರ್ ನೀರು ಕುಡಿ ಎಂದಳು.

ಆಗ ಚಂದ್ರವ್ವ ಒಂದು ತಪ್ಪು ಮಾಡಿದಳು. ಗುಳಿಗೆಯ ಚೀಟಿಯನ್ನು ಪ್ರಶಾಂತ ಶೆಟ್ಟರಿಗೆ ತೋರಿಸಿದಳು.

ಶೆಟ್ಟರು ಉಡುಪಿ ಕಡೆಯವರು. ಗ್ರಾಂಟ್ ರೋಡಿನಲ್ಲಿ ಹಳೆಯ ಹೋಟೆಲು, ಸಾಂತಾಕ್ರೂಜ್‌ನಲ್ಲಿ ಹೊಸದು. ಕಲ್ಯಾಣ ಸಮಿತಿಗೆ ಅವರೇ ಸಂಚಾಲಕರು. ಮಗಳು ಯಕ್ಷಿತಾ ಸವಾರಿ ಮಾಡುತ್ತಿದ್ದುದು ಹನ್ನೊಂದನೇ ಲಾಯದ ಕೆಂಪು ಕುದುರೆಯನ್ನು. ಅದಕ್ಕೊಂದು ಉದ್ದದ ಇಂಗ್ಲಿಷ್ ಹೆಸರಿತ್ತು. ಚಂದ್ರವ್ವನ ಬಾಯಲ್ಲಿ ಅದು ಕೆಂಚ. ಕ್ಲಬ್ಬಿನಲ್ಲಿ ಅವಳೊಡನೆ ಕನ್ನಡದಲ್ಲಿ ಮಾತಾಡುವ ದೊಡ್ಡ ಮನುಷ್ಯರು ಶೆಟ್ಟರೊಬ್ಬರೇ. ಅಷ್ಟಕ್ಕೇ ನಂಬಿದಳು. ಅವರು ಕನ್ನಡಕ ಏರಿಸಿ ಓದಿ ಹೇಳಿದರು: “ಇದು ಸೋಂಕಿಗೆ. ಇದು ನೋವಿಗೆ. ಊಟ ಆದ ಮೇಲೆ ತಗೊಳ್ಳಬೇಕು ಆಯ್ತಾ?” ಅವಳು ಕೈ ಮುಗಿದಿದ್ದಳು.

ಎರಡು ತಿಂಗಳ ನಂತರ ರಾಷ್ಟ್ರೀಯ ತಂಡಕ್ಕೆ ಆಯ್ಕೆಯ ಪಂದ್ಯ ಬಂತು. ಎರಡು ದಿನ ಮುಂಚೆ ಕೆಂಚ ಹಿಂದಿನ ಎಡಗಾಲು ಊರುತ್ತಿರಲಿಲ್ಲ. ಹೊಟ್ಟು ಒಂದೇ ಕಡೆ ತಗ್ಗಾಗಿತ್ತು. ಗಂಟಿನ ಹತ್ತಿರ ಕೈಯಿಟ್ಟರೆ ಕಾದ ಹಂಚು. ಚಂದ್ರವ್ವ ಶೆಟ್ಟರಿಗೆ ಹೇಳಿದಳು. ಅವರು ನೋಡಿಕೊಳ್ಳುತ್ತೇನೆ ಎಂದರು. ಪಂದ್ಯದ ಬೆಳಿಗ್ಗೆ ತಾವೇ ಲಾಯಕ್ಕೆ ಬಂದರು. ಅಲ್ಲಿಯವರೆಗೆ ಕುದುರೆಗೆ ಒಂದು ಹುಲ್ಲುಕಡ್ಡಿಯನ್ನೂ ಕೈಯಾರೆ ತಿನ್ನಿಸಿದವರಲ್ಲ. ಅಂದು ಪ್ಲಾಸ್ಟಿಕ್ ಚೀಲದಿಂದ ಬೆಲ್ಲದ ಉಂಡೆ ತೆಗೆದು ನಾಲ್ಕು ತಿನ್ನಿಸಿದರು. ಹತ್ತು ಗಂಟೆಗೆ ಕೆಂಚ ಅಡ್ಡ ಇಟ್ಟ ಒಂದು ಕಂಬವನ್ನೂ ಬೀಳಿಸದೆ ಹಾರಿತು. ಯಕ್ಷಿತಾ ಎರಡನೆಯವಳಾದಳು. ಪಂದ್ಯ ಮುಗಿದ ಕೂಡಲೇ ಕುದುರೆಯ ಮೂತ್ರ ಹಿಡಿದು ದೆಹಲಿಗೆ ಕಳಿಸಿದರು. ಅದು ನಿಯಮ.

ತಿಂಗಳಾದ ಮೇಲೆ ವರದಿ ಬಂತು. ಕುದುರೆಯ ಮೈಯಲ್ಲಿ ನೋವಿನ ಔಷಧಿ ಇದೆ. ಮನುಷ್ಯರು ನುಂಗುವ ಔಷಧಿ. ಚಂದ್ರವ್ವನ ಎರಡನೇ ಗುಳಿಗೆಯೂ ಅದೂ ಒಂದೇ ಜಾತಿ. ಔಷಧಿ ಯಾರಾದರೂ ಬೇಕೆಂದೇ ಕೊಟ್ಟಿದ್ದರೆ ಯಕ್ಷಿತಾಳಿಗೆ ಎರಡು ವರ್ಷ ನಿಷೇಧ. ಕೆಲಸದವರು ಲಾಯದಲ್ಲಿ ಮೂತ್ರ ಮಾಡಿ, ಅದು ತಾಗಿದ ಹುಲ್ಲು ಕುದುರೆ ತಿಂದು ಹೀಗಾಗಿದ್ದರೆ ಸವಾರರ ತಪ್ಪಿಲ್ಲ. ಹಾಗೆ ಬೇರೆ ಕಡೆ ಆಗಿದ್ದೂ ಉಂಟಂತೆ. ನಿಯಮದ ಪುಸ್ತಕ ಶೆಟ್ಟರಿಗೆ ಬಾಯಿಪಾಠ. ಕೆಲಸದವರೊಬ್ಬರು ಒಪ್ಪಿಕೊಂಡರೆ ಸಾಕಿತ್ತು.

ಅಂಬವ್ವನ ಜೊತೆ ಜಗಳವಾದ ದಿನ ಮಧ್ಯಾಹ್ನ ಶೆಟ್ಟರು ಚಂದ್ರವ್ವನನ್ನು ಲಾಯದ ಹಿಂದಿನ ನೆರಳಿಗೆ ಕರೆದರು. ಕೈಯಲ್ಲಿ ಇಂಗ್ಲಿಷಿನ ಒಂದು ಕಾಗದ, ನೀಲಿ ನಕ್ಷೆ ಒಂದು.

“ನೋಡು ಚಂದ್ರವ್ವ, ನಾನು ನಿನಗೆ ಹೊರಗಿನವನಾ? ಇಷ್ಟು ದೊಡ್ಡ ಕ್ಲಬ್ಬಿನಲ್ಲಿ ನಿನ್ನ ಭಾಷೆ ಆಡುವ ಮೆಂಬರ್ ನಾನೊಬ್ಬನೇ ಅಲ್ವಾ?”

“ಹೌದ್ರಿ ಶೆಟ್ರ.”

“ಆರು ವರ್ಷದಿಂದ ಪ್ರತಿ ಮೀಟಿಂಗಲ್ಲಿ ಹೇಳ್ತಾ ಇದ್ದೇನೆ, ಹೆಂಗಸರಿಗೆ ಕಕ್ಕಸು ಬೇಕು ಅಂತ. ಕೇಳುವವರು ಯಾರು? ಈಗ ಒಂದು ದಾರಿ ಸಿಕ್ಕಿತು. ನೀನು ಸೈ ಮಾಡಿದರೆ ಇದು ಕುದುರೆಯ ಆರೋಗ್ಯದ ಪ್ರಶ್ನೆ ಆಗ್ತದೆ. ನಿಮ್ಮ ಪ್ರಶ್ನೆ ಆದರೆ ಯಾರಿಗೂ ಬೇಡ ಮಾರಾಯ್ತಿ. ಕುದುರೆಯ ಪ್ರಶ್ನೆ ಆದರೆ ಒಂದು ತಿಂಗಳಲ್ಲಿ ಕಟ್ತಾರೆ. ನೋಡು, ಎರಡು ಕಕ್ಕಸು. ಇಲ್ಲಿ ನಳ.”

ಅವರ ಬೆರಳು ನಕ್ಷೆಯ ಮೇಲೆ ಓಡಾಡಿತು. ಚಂದ್ರವ್ವ ಆ ಬೆರಳನ್ನೇ ನೋಡಿದಳು.

“ಕೆಂಚನ ಕಾಲು ಬಾತಿದ್ದು ನಾ ನಿಮಗ ಹೇಳಿದ್ನಿ.”

“ಆ ಮಾತು ಬೇರೆ. ಅದನ್ನು ಇಲ್ಲಿ ತರಬೇಡ.” ದನಿ ಒಂದು ಕ್ಷಣ ಗಡುಸಾಯಿತು. ಮತ್ತೆ ಮೆತ್ತಗಾಯಿತು. “ನಿನಗೆ ಬಾಯಿಮಾತಿನ ವಾರ್ನಿಂಗ್ ಅಷ್ಟೆ. ಕೆಲಸಕ್ಕೆ ಎಂಥದೂ ಆಗೂದಿಲ್ಲ. ಆ ಅಂಬವ್ವನ ಅವಸ್ಥೆ ನೋಡು. ಅವಳಿಗಾದರೂ ಉಪಕಾರ ಮಾಡು.”

ಈ ಮಾತು ನಾಟಿತು. ನಾಟುತ್ತದೆ ಎಂದು ಗೊತ್ತಿದ್ದೇ ಆಡಿದ ಮಾತು. ಚಂದ್ರವ್ವ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡಳು. ಕುರ್ಲಾಕ್ಕೆ ಹೋಗುವ ಬಸ್ಸಿನಲ್ಲಿ ನಿಂತೇ ಯೋಚಿಸಿದಳು. ಸುಳ್ಳು ತನ್ನ ಹೆಸರಿಗೆ. ಕಕ್ಕಸು ನಾಲ್ಕು ಹೆಂಗಸರಿಗೆ, ಇನ್ನು ಮುಂದೆ ಬರುವವರಿಗೆ. ಅಂಬಿಯ ಬಾತ ಕಾಲುಗಳು ಕಣ್ಣಮುಂದೆ ಬಂದವು. ಹೋಗಲಿ ಅತ್ಲಾಗ, ಸೈ ಒತ್ತಿಬಿಡತೀನಿ ಎಂದುಕೊಂಡು ಚಾಳಿನ ಮೆಟ್ಟಿಲು ಹತ್ತಿದಳು.

ಸ್ನೇಹಲ್ ಕೊರಿಯರ್ ಆಫೀಸಿನಿಂದ ಆಗಷ್ಟೇ ಬಂದಿದ್ದಳು. ಮುಂಬಯಿಯಲ್ಲೇ ಹುಟ್ಟಿದ ಹುಡುಗಿ. ಅವಳ ಕನ್ನಡ ಎರಡು ಹೆಜ್ಜೆ ನಡೆದರೆ ಹಿಂದಿಯ ಮೇಲೆ ಎಡವುತ್ತಿತ್ತು. ಕಾಗದ ಓದುತ್ತ ಓದುತ್ತ ಹುಬ್ಬು ಗಂಟಿಕ್ಕಿದಳು.

“ಮಮ್ಮಿ, ನಿಮ್ಮ ಕ್ಲಬ್ಬಲ್ಲಿ ಟಾಯ್ಲೆಟ್ ಬನ್ ಗಯಾ ಕ್ಯಾ?”

“ಎಲ್ಲಿದು? ಸೈ ಮಾಡಿದ ಮ್ಯಾಲೆ ಕಟ್ಟತಾರಂತ.”

“ಇದರಾಗ ಐತಿ ಅಂತ ಬರದಾರ.”

“ಏನ್ ಬರದಾರ?”

“ಕ್ಲಬ್ಬು ಲೇಡೀಸಿಗೆ ಕ್ಲೀನ್ ಟಾಯ್ಲೆಟ್ ಕೊಟ್ಟೈತಿ. ಆದರೂ ನಾನು... ಪುರಾನಿ ಆದತ್ ಅಂತಾರಲ್ಲ... ಹಳೀ ಚಟ. ನನ್ನ ಹಳೀ ಚಟದಿಂದ ಲಾಯದಾಗ ಬಹುತ್ ಬಾರ್... ಭಾಳ ಸಲ ಮಾಡೀನಿ.” ಸ್ನೇಹಲ್ ನಿಂತಳು. ಮುಂದಿನ ಸಾಲನ್ನು ಬೆರಳಿನಿಂದ ಮುಚ್ಚಿಕೊಂಡಳು.

“ಮುಂದ ಓದು.”

“ಛೋಡ್ ನಾ ಮಮ್ಮಿ.”

“ಓದಲೇ!”

“ನಾ ಬಂದ... ಬಿರಾದರಿ... ಜಾತಿ ಒಳಗ... ಇದೆಲ್ಲ ಮಾಮೂಲಿ. ಅದಕ್ಕ ಇದು ತಪ್ಪು ಅಂತ ನನಗ ತಿಳಿದಿರಲಿಲ್ಲ. ಬಸ್. ಮುಗೀತು.”

ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಚಂದ್ರವ್ವ ಗ್ಯಾಸು ಆರಿಸಿದಳು. ಇನ್ನೊಮ್ಮೆ ಓದು ಎಂದಳು. ಆಮೇಲೆ ಮತ್ತೊಮ್ಮೆ. ಮೂರನೇ ಸಲ ಓದುವಾಗ ಸ್ನೇಹಲ್ ಅಳುತ್ತಿದ್ದಳು. ತಾಯಿ ಅಳಲಿಲ್ಲ.

“ಕಕ್ಕಸ ಐತಿ ಅಂತ ನನ್ನ ಕೈಲೆ ಬರಸಿಕೊಂಡ ಮ್ಯಾಲೆ,” ಎಂದಳು, “ಇಲ್ಲ ಅಂತ ಹೇಳಿ ಯಾ ಸೂಳೀಮಗ ಕಟ್ಟತಾನು?”

ಮರುದಿನ ಹನ್ನೊಂದಕ್ಕೆ ವಿಚಾರಣೆ. ಕ್ಲಬ್‌ಹೌಸಿನ ಹಾಲಿನಲ್ಲಿ ಉದ್ದನೆಯ ಮೇಜು. ನಡುವೆ ದೆಹಲಿಯಿಂದ ಬಂದ ಅಧಿಕಾರಿ, ಸೈನ್ಯದಿಂದ ನಿವೃತ್ತನಾದ ಬಿಳಿ ಮೀಸೆಯ ಮನುಷ್ಯ. ಬಲಕ್ಕೆ ಹಿತೇಶ್ ಭಾಯಿ, ಎಡಕ್ಕೆ ಶೆಟ್ಟರು, ಆಚೆ ಈಚೆ ಸಮಿತಿಯ ಇನ್ನಿಬ್ಬರು. ಗೋಡೆಯ ಬದಿಯ ಸೋಫಾದಲ್ಲಿ ಯಕ್ಷಿತಾ. ಚಂದ್ರವ್ವ ಎಂಟು ಲಾಯ ಬಾಚಿ ಹಾಗೆಯೇ ಬಂದಿದ್ದಳು. ಸೀರೆಯ ಅಂಚಿಗೆ ಲದ್ದಿ ಅಂಟಿತ್ತು. ಅಮೋಲ್ ಅವಳನ್ನು ಕಾರ್ಪೆಟ್ಟಿನ ಹೊರಗೆ ನಿಲ್ಲಿಸಿದ.

ಅಧಿಕಾರಿ ಹಿಂದಿಯಲ್ಲಿ ಕೇಳಿದ, ಈ ಕಾಗದದಲ್ಲಿ ಇರುವುದು ನಿನ್ನ ಮಾತೇ?

“ನಾನು ಕನ್ನಡದಲ್ಲಿ ಕೇಳಿ ಹೇಳ್ತೇನೆ ಸರ್,” ಎಂದು ಶೆಟ್ಟರು ಎದ್ದರು.

“ನೀವು ಬ್ಯಾಡ ಶೆಟ್ರ. ನನ್ನ ಗುಳಿಗಿ ಓದಿ ಹೇಳಿದ್ದು ಸಾಕು.”

ಶೆಟ್ಟರು ಕೂತರು. ಚಂದ್ರವ್ವ ಹಿಂದಿಯಲ್ಲೇ ಶುರು ಮಾಡಿದಳು. ಹನ್ನೆರಡು ವರ್ಷ ಲಾಯದಲ್ಲಿ ಕಲಿತ ಒರಟು ಹಿಂದಿ. ಇದು ನನ್ನ ಮಾತಲ್ಲ. ನಾನು ಸೈ ಮಾಡುವುದಿಲ್ಲ. ಲಾಯದಲ್ಲಿ ನಾನು ಒಂದು ಸಲವೂ ಕೂತಿಲ್ಲ.

“ಹಾಗಾದರೆ ಕೆಲಸದ ಹೊತ್ತಿನಲ್ಲಿ ಎಲ್ಲಿ ಹೋಗುತ್ತೀ?”

“ಎಲ್ಲೂ ಹೋಗುವುದಿಲ್ಲ. ತಡೆದುಕೊಳ್ಳುತ್ತೇನೆ.”

ಯಾರೋ ಒಬ್ಬರು ಮೂಗಿನಲ್ಲಿ ನಕ್ಕರು. ಅಧಿಕಾರಿ ನಗಲಿಲ್ಲ. ಹಿತೇಶ್ ಭಾಯಿಯ ಕಡೆ ತಿರುಗಿದ. “ಇವರಿಗೆ ಶೌಚಾಲಯ ಇದೆಯಲ್ಲ?”

“ಬಿಲ್ಕುಲ್ ಸರ್. ಹಿಂದುಗಡೆ ಇದೆ.”

“ಎಲ್ಲಿ ಹಿಂದುಗಡೆ?” ಚಂದ್ರವ್ವ ಕೇಳಿದಳು. “ಚಲೋ ಸಾಬ್. ಈಗಲೇ ನಡೀರಿ. ನೂರು ಹೆಜ್ಜೆ ಇಲ್ಲ. ತೋರಸ್ರಿ ನನಗ. ಹನ್ನೆರಡು ವರ್ಷ ಈ ಜಾಗದ ಮೂಲಿಮೂಲಿ ಬಾಚೀನಿ, ನನಗ ಕಂಡಿಲ್ಲ. ನಿಮಗ ಕಂಡಿದ್ರ ತೋರಸ್ರಿ. ಏಳ್ರಿ!”

ಸಿಟ್ಟಿನಲ್ಲಿ ಹಿಂದಿ ಯಾವಾಗ ಕನ್ನಡವಾಯಿತೋ ಅವಳಿಗೆ ಗೊತ್ತಾಗಲಿಲ್ಲ. ಬಾಗಿಲಿಗೆ ಕೈ ಚಾಚಿ ನಿಂತಳು. ಯಾರೂ ಏಳಲಿಲ್ಲ. ಅಧಿಕಾರಿ ಗಡಿಯಾರ ನೋಡಿಕೊಂಡ. ಎರಡೂವರೆಗೆ ಅವನ ವಿಮಾನ. ಸ್ಥಳ ಪರಿಶೀಲನೆ ಆಮೇಲೆ ನೋಡೋಣ ಎಂದ.

“ಆಮ್ಯಾಲೆ,” ಎಂದಳು ಚಂದ್ರವ್ವ. “ಆರು ವರ್ಷ ಆತು, ಆಮ್ಯಾಲೆ ಅಂತಾನ ಕೇಳಾಕತ್ತೀನಿ. ನನ್ನ ಉಚ್ಚಿ ನನ್ನ ಹೊಟ್ಟ್ಯಾಗ ಕೊಳತು ರಕ್ತ ಆತು. ಆಗ ಯಾರಿಗೂ ಬೇಕಾಗಿರಲಿಲ್ಲ. ಈಗ ನಿಮ್ಮ ಕುದುರಿ ಸಿಕ್ಕಿ ಬಿತ್ತು, ಈಗ ಎಲ್ಲಾರಿಗೂ ಬೇಕಾತು. ಕೆಂಚನ ಕಾಲು ಬಾತಿತ್ತು ಸಾಬ್. ಶೆಟ್ರಿಗೆ ಹೇಳಿದೆ. ಪಂದ್ಯದ ದಿನ ಮುಂಜಾನೆ ಇವರ ಕೈಯಾರೆ ಬೆಲ್ಲದ ಉಂಡಿ ತಿನ್ನಿಸಿದ್ರು. ಅದರಾಗ ಏನಿತ್ತು, ಇವರನ್ನ ಕೇಳ್ರಿ.” ಇಷ್ಟನ್ನೂ ಅವಳು ಹಿಂದಿಯಲ್ಲಿ ಇನ್ನೊಮ್ಮೆ ಹೇಳಿದಳು, ಒಂದೊಂದೇ ಮಾತಾಗಿ, ಬರೆದುಕೊಳ್ಳಲಿ ಎಂದು.

ಯಕ್ಷಿತಾ ಫೋನಿನಿಂದ ಮುಖ ಎತ್ತಿದಳು. ತಂದೆಯನ್ನು ನೋಡಿದಳು. ಶೆಟ್ಟರು ಅವಳ ಕಡೆ ನೋಡಲಿಲ್ಲ. ಅವಳು ಮತ್ತೆ ಫೋನಿಗೆ ಬಗ್ಗಿದಳು.

“ಹುಷಾರಿಲ್ಲದ ಹೆಂಗಸು ಸರ್,” ಎಂದರು ಶೆಟ್ಟರು. “ಗಂಡ ಇಲ್ಲಿಯೇ ಸತ್ತ. ಆ ಸಿಟ್ಟು ಇದೆ. ಸಾಕ್ಷಿ ಬೇರೆ ಇದ್ದಾರೆ.”

ಅಮೋಲ್ ಅಂಬವ್ವನನ್ನು ಒಳಗೆ ಕರೆತಂದ. ಅವಳ ಗಂಡ ಬಸು ಅಲ್ಲಿಯೇ ಸಾಯಿಸ. ಗೇಟಿನ ಪಕ್ಕದ ತಗಡಿನ ಖೋಲಿ ಕ್ಲಬ್ಬಿನದು. ಅದರಲ್ಲಿ ಗಂಡ ಹೆಂಡತಿ, ಬಸುವಿನ ಕುರುಡಿ ತಾಯಿ. ಅಂಬವ್ವ ಯಾರ ಮುಖವನ್ನೂ ನೋಡಲಿಲ್ಲ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಹೊಟ್ಟೆಯ ಅಡಿಗೆ.

“ಅಂಬಿ, ಕೇಳಿಲ್ಲಿ,” ಚಂದ್ರವ್ವ ಬಡಬಡನೆ ಹೇಳಿದಳು. “ಆ ಕಾಗದದಾಗ ಕಕ್ಕಸ ಮೊದಲ ಐತಿ ಅಂತ ಬರದಾರ. ಸ್ನೇಹಲ್ ಓದ್ಯಾಳ. ಕಟ್ಟೂದಿಲ್ಲ ಅವರು.”

“ಸಾಕ್ಷಿಗೆ ಹೇಳಿಕೊಡಬೇಡ!” ಹಿತೇಶ್ ಭಾಯಿ ಮೇಜು ಗುದ್ದಿದ.

ಶೆಟ್ಟರು ಕನ್ನಡದಲ್ಲಿ ಕೇಳಿದರು. ಮೆಲ್ಲಗೆ, ಮಗುವನ್ನು ಕೇಳುವ ಹಾಗೆ. “ಅಂಬವ್ವಾ, ಚಂದ್ರವ್ವ ಹನ್ನೊಂದನೇ ಲಾಯದಲ್ಲಿ ಕೂತದ್ದು ನೀನು ನೋಡಿದ್ದೀ ಅಲ್ವಾ? ಹೆದರಬೇಡ. ಬಸು ಹೊರಗೇ ನಿಂತಿದ್ದಾನೆ. ನೋಡಿದ್ದೀಯಾ, ಇಲ್ವಾ?”

ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅಂಬವ್ವನ ಮೇಲ್ದುಟಿಯ ಮೇಲೆ ಬೆವರು.

“ಹೂಂ,” ಎಂದಳು.

“ಜೋರಾಗಿ ಹೇಳು.”

“ನೋಡೀನಿ.”

ಶೆಟ್ಟರು ಪೆನ್ನು ತೆರೆದು ಮೇಜಿನ ಅಂಚಿಗೆ ಸರಿಸಿದರು. ಚಂದ್ರವ್ವ ಅಂಬವ್ವನನ್ನೇ ನೋಡುತ್ತಿದ್ದಳು. ಬಯ್ಗುಳ ಗಂಟಲವರೆಗೆ ಬಂತು. ನಿನ್ನೆಯಾಗಿದ್ದರೆ ತಾನೂ ಸೈ ಮಾಡುವವಳೇ ಎಂಬುದು ನೆನಪಾಯಿತು. ಬಯ್ಗುಳ ಅಲ್ಲಿಯೇ ನಿಂತಿತು.

“ಬಸುರಿ ಹೆಂಗಸು, ಎಷ್ಟೊತ್ತು ನಿಲ್ಲತಿ? ಮೊದಲ ಒಂದು ಕುರ್ಚಿ ಕೊಡಸ್ಕೋ,” ಎಂದಳು. “ಸೈ ಆದ ಮ್ಯಾಲೆ ಅದನ್ನೂ ಕೊಡೂದಿಲ್ಲ ಇವರು.”

ಅಂಬವ್ವ ಮುಖಕ್ಕೆ ಸೆರಗು ಒತ್ತಿಕೊಂಡಳು.

ಚಂದ್ರವ್ವ ಅಧಿಕಾರಿಯ ಕಡೆ ತಿರುಗಿದಳು. “ಈಕಿ ಹೇಳಿದ ಮಾತು ನೀವು ಒಯ್ರಿ ಸಾಬ್. ನಂದು ಸಿಗೂದಿಲ್ಲ. ನನ್ನ ಹಂತ್ಯಾಕ ಇರೂದು ಒಂದ. ನಾ ತಡಕೊಂಡಿದ್ದು ಖರೇ. ಆರು ವರ್ಷ, ದಿನಾ. ಅದನ್ನ ಸುಳ್ಳ ಮಾಡಾಕ ನಾ ಯಾರಿಗೂ ಬಿಡೂದಿಲ್ಲ.”

ಅವನಿಗೆ ಕನ್ನಡ ಬರುತ್ತಿರಲಿಲ್ಲ. ಏನೆಂದಳು ಎಂದು ಶೆಟ್ಟರನ್ನು ಕೇಳಿದ. ಶೆಟ್ಟರು ಏನು ಹೇಳಿದರೋ, ಅದನ್ನು ಕೇಳಲು ಅವಳು ನಿಲ್ಲಲಿಲ್ಲ. ಕಾರ್ಪೆಟ್ಟಿನ ನಟ್ಟನಡುವೆ ನಡೆದು ಬಾಗಿಲು ದಾಟಿದಳು.

ಅಮೋಲ್ ಹಿಂದೆ ಓಡಿ ಬಂದ. ಇನ್ನೂ ಎರಡು ಲಾಯ ಬಾಕಿ ಇವೆ, ಮುಗಿಸಿ ಹೋಗು ಎಂದು ಕೂಗಿದ. ಅವಳು ತಿರುಗಲಿಲ್ಲ. ಗೇಟಿನಲ್ಲಿ ವಾಚ್‌ಮನ್ ರೂಢಿಯಂತೆ ಚೀಲ ತೋರಿಸು ಎಂದ. ಕುದುರೆಯ ಕಡಲೆ ಕದ್ದಿದ್ದಾರೋ ಎಂದು ದಿನಾ ಹೆಂಗಸರ ಚೀಲ ತಡಕುವುದು ಅವನ ಕೆಲಸ. ಅವಳು ಅವನ ಮುಖ ನೋಡಿದಳು. ಅವನು ಕೈ ಹಿಂದೆ ತೆಗೆದುಕೊಂಡ.

ಬಿಸಿಲು ನೆತ್ತಿಗೆ ಬಂದಿತ್ತು. ರಸ್ತೆ ದಾಟಿ ಕುರ್ಲಾದ ಬಸ್ಸು ಹತ್ತಿದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಸಾಕ್ಷಿಯ ಮಾತೊಂದೇ ಸಾಲದು, ಹೆಂಗಸಿನ ಸ್ವಂತ ಒಪ್ಪಿಗೆಯೇ ಬೇಕು ಎಂದು ವಾರದಲ್ಲಿ ದೆಹಲಿಯಿಂದ ಪತ್ರ ಬಂತು. ಶೆಟ್ಟರು ತಮ್ಮ ಕಾರು ಕೊಟ್ಟು ಅಮೋಲ್‌ನನ್ನು ಕುರ್ಲಾಕ್ಕೆ ಕಳಿಸಿದರು. ಕಾರು ಚಾಳಿನ ಬಾಯಲ್ಲಿ ಒಂದು ತಾಸು ನಿಂತಿತ್ತು. ಆಮೇಲೆ ಅಮೋಲ್ ಒಬ್ಬನನ್ನೇ ಹೊತ್ತು, ಸೈ ಸಿಗದೆ ವಾಪಸ್ಸಾಯಿತು.